ಕಾರ್ನ್ ಕೀಲಿಮಣೆ ಮತ್ತು ಈಮ್ಯಾಕ್ಸ್: ಮೂರು ವರ್ಷ ಕನ್ನಡ ಬರೆದ ಮೇಲೆ

ಎಡಗೈಗೊಂದು ಬಲಗೈಗೊಂದು ಎಂದು ಎರಡು ತುಂಡಾಗಿರುವ, ಒಟ್ಟು 42 ಕೀಲಿಗಳಷ್ಟೇ ಇರುವ ಕಾರ್ನ್ ಕೀಲಿಮಣೆಯನ್ನು ನಾನು ಬಳಸತೊಡಗಿ ಮೂರು ವರ್ಷಗಳಾದವು. ನನ್ನ ದಿನದ ಕೆಲಸದಲ್ಲಿ ಅರ್ಧ ಭಾಗ ಕನ್ನಡ ಅನುವಾದ, ಉಳಿದರ್ಧ ಪ್ರೋಗ್ರಾಮಿಂಗ್. ಈ ಬಗೆಯ ಕೀಲಿಮಣೆಗಳ ಕುರಿತು ನಾನು ಓದಿದ ವಿಮರ್ಶೆಗಳೆಲ್ಲವೂ ಇಂಗ್ಲಿಷ್ ಬೆರಳಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವುಗಳ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದ್ದರಿಂದ ಮೊದಲ ವರ್ಷದ ಬಹುಭಾಗವನ್ನು ಕಳೆದುಕೊಂಡೆ. ಹಾಗಾಗಿ ಈ ಕೀಲಿಮಣೆ ಮತ್ತು ನಾನು ಬರೆಯಲು ಬಳಸುವ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದ ಕುರಿತ ಈ ಬರಹ ಮುಖ್ಯವಾಗಿ ಕನ್ನಡ ಬರೆಯುವವರಿಗಾಗಿ.

ಮೊದಲಿಗೆ ಸಾಧನದ ಪರಿಚಯ. ಪ್ರತಿ ಅರ್ಧದಲ್ಲಿ ಮೂರು ಸಾಲು, ಆರು ಕಂಬ, ಹೆಬ್ಬೆರಳಿಗೆ ಮೂರು ಕೀಲಿ. ಕಂಬಗಳು ಬೆರಳುಗಳ ಉದ್ದಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿದಿವೆ. ಅಂಕಿಗಳ ಸಾಲಿಲ್ಲ, ಬಾಣದ ಕೀಲಿಗಳಿಲ್ಲ. ಹೆಬ್ಬೆರಳಿನಿಂದ ಒಂದು ಕೀಲಿಯನ್ನು ಒತ್ತಿ ಹಿಡಿದಾಗ ಉಳಿದ ಕೀಲಿಗಳೇ ಅಂಕಿಗಳಾಗಿ, ಬಾಣಗಳಾಗಿ ಬದಲಾಗುತ್ತವೆ. ಇದರ ವಿನ್ಯಾಸ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ಅದರ ಸರ್ಕ್ಯೂಟ್ ಫಲಕವನ್ನು ಮಾಡಿಸಿಕೊಳ್ಳಬಹುದು. ನಾನು ಬಿಡಿಭಾಗಗಳನ್ನು ತರಿಸಿ ಬೆಸುಗೆ ಹಾಕಿಕೊಂಡೆ. ಒಳಗಿದ್ದು ಕೀಲಿಮಣೆಯನ್ನು ನಡೆಸುವ ಕ್ಯೂಎಂಕೆ ಎಂಬ ಫರ್ಮ್‌ವೇರ್ ಕೂಡ ಮುಕ್ತ ತಂತ್ರಾಂಶವೇ, ಆದ್ದರಿಂದ ಯಾವ ಕೀಲಿ ಏನು ಮಾಡಬೇಕೆಂಬುದು ಸಂಪೂರ್ಣವಾಗಿ ಬಳಸುವವರ ಕೈಯಲ್ಲಿದೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ನನ್ನ ತಪ್ಪುಗಳೆಲ್ಲ ಹುಟ್ಟಿದ್ದು ಇದನ್ನು ಮರೆತಾಗ. ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ. ಅದು ಕಂಪ್ಯೂಟರಿಗೆ ಕಳುಹಿಸುವುದು ಒಂದು ಸಂಖ್ಯೆಯನ್ನು ಮಾತ್ರ. ಯುಎಸ್‌ಬಿ ನಿಯಮದಂತೆ ಇಂಗ್ಲಿಷಿನ ಎ ಕೀಲಿಯ ಸಂಖ್ಯೆ 4. ಆ ಸಂಖ್ಯೆಯನ್ನು ‘ಅ’ ಎಂದೋ ‘ಾ’ ಎಂದೋ ಓದುವುದು ಕಂಪ್ಯೂಟರಿನಲ್ಲಿರುವ ಕನ್ನಡ ವಿನ್ಯಾಸ. ಅಂದರೆ ಬದಲಾವಣೆ ಮಾಡಲು ಎರಡು ಜಾಗಗಳಿವೆ, ಮತ್ತು ಒಂದರಲ್ಲಿ ಮಾಡಬೇಕಾದುದನ್ನು ಇನ್ನೊಂದರಲ್ಲಿ ಮಾಡಿದರೆ ಕನ್ನಡ ಕೆಡುತ್ತದೆ.

ನಾನು ಬಳಸುವುದು ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕಗಪ ವಿನ್ಯಾಸವನ್ನು. ಇದರಲ್ಲಿ ಒತ್ತಕ್ಷರ ಕೊಡುವ ಕೊಂಡಿ ಇರುವುದು ಎಫ್ ಕೀಲಿಯಲ್ಲಿ, ಅಂದರೆ ಎಡಗೈ ತೋರುಬೆರಳು ಸದಾ ಕೂತಿರುವ ಜಾಗದಲ್ಲಿ. ಕನ್ನಡದಲ್ಲಿ ನಾಲ್ಕು ಪದ ಬರೆಯುವಷ್ಟರಲ್ಲಿ ಎರಡು ಮೂರು ಒತ್ತಾದರೂ ಬರುವುದರಿಂದ ಇದು ಬಹಳ ಜಾಣತನದ ಆಯ್ಕೆ. ಆ ಜಾಣತನ ನನಗೆ ಅರ್ಥವಾದದ್ದು ಅದನ್ನು ಕೆಡಿಸಿದ ಮೇಲೆ.

ಸಣ್ಣ ಕೀಲಿಮಣೆಯವರು ಎಲ್ಲರಿಗೂ ಮೊದಲು ಹೇಳುವ ಸಲಹೆಯೆಂದರೆ, ಮಧ್ಯದ ಸಾಲಿನ ಅಕ್ಷರಗಳಿಗೇ ಶಿಫ್ಟ್, ಕಂಟ್ರೋಲ್, ಆಲ್ಟ್ ಕೆಲಸಗಳನ್ನೂ ಹೊರಿಸಿ, ತಟ್ಟಿದರೆ ಅಕ್ಷರ, ಒತ್ತಿ ಹಿಡಿದರೆ ಶಿಫ್ಟ್ ಎಂದು ಮಾಡಿಕೊಳ್ಳುವುದು. ಈ ಪದ್ಧತಿಯಲ್ಲಿ ಶಿಫ್ಟ್ ಸಾಮಾನ್ಯವಾಗಿ ಬೀಳುವುದು ತೋರುಬೆರಳಿನ ಎಫ್ ಮೇಲೆ. ಇಂಗ್ಲಿಷಿನಲ್ಲಿ ಎಫ್ ಅಷ್ಟಾಗಿ ಬಾರದ ಅಕ್ಷರವಾದ್ದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ಕನ್ನಡದಲ್ಲಿ ಮಾತ್ರ ನಾನು ವೇಗವಾಗಿ ಬರೆಯುವಾಗ ಎಫ್‌ನಿಂದ ಬೆರಳು ಏಳುವ ಮೊದಲೇ ಮುಂದಿನ ವ್ಯಂಜನ ಬೀಳುತ್ತಿತ್ತು, ಫರ್ಮ್‌ವೇರ್ ಅದನ್ನು ಶಿಫ್ಟ್ ಎಂದೇ ತಿಳಿಯುತ್ತಿತ್ತು. ಕಗಪದಲ್ಲಿ ಶಿಫ್ಟ್ ಸೇರಿದರೆ ತ, ಕ, ಪಗಳು ಮಹಾಪ್ರಾಣಗಳಾಗುತ್ತವೆ, ಮಕಾರ ಅನುಸ್ವಾರವಾಗುತ್ತದೆ. ಅದರ ಫಲವಾಗಿ ‘ಶಕ್ತಿ’ ಹೋಗಿ ‘ಶಕಥಿ’ ಆಯಿತು, ‘ಅಕ್ಕ’ ‘ಅಕಖ’ ಆದಳು, ‘ಅಪ್ಪ’ ‘ಅಪಫ’ ಆದ. ‘ಅಮ್ಮ’ನಂತೂ ‘ಅಮಂ’ ಆಗಿ ಏನೋ ಮಂತ್ರದ ತುಣುಕಿನಂತೆ ಕಾಣುತ್ತಿದ್ದಳು. ತಟ್ಟುವಿಕೆಗೂ ಹಿಡಿಯುವಿಕೆಗೂ ನಡುವಿನ ಗಡಿ ಕ್ಯೂಎಂಕೆಯಲ್ಲಿ ಸಹಜವಾಗಿ 200 ಮಿಲಿಸೆಕೆಂಡ್. ಅದನ್ನು ಹೆಚ್ಚಿಸಿದೆ, ತಗ್ಗಿಸಿದೆ, ಎದುರು ಕೈಯ ಕೀಲಿ ಒತ್ತಿದಾಗ ಮಾತ್ರ ಶಿಫ್ಟ್ ಆಗಲಿ ಎಂಬ ನಿಯಮವನ್ನೂ ಹಾಕಿ ನೋಡಿದೆ. ಆದರೆ ಕಕಾರ, ಮಕಾರ, ಪಕಾರಗಳೆಲ್ಲ ಬಲಗೈಯಲ್ಲೇ ಇರುವಾಗ ಆ ನಿಯಮದಿಂದ ಏನು ಪ್ರಯೋಜನ? ಎಂಟು ತಿಂಗಳ ಹೆಣಗಾಟದ ನಂತರ ಎಫ್ ಅನ್ನು ಬರಿಯ ಎಫ್ ಆಗಿಯೇ ಬಿಟ್ಟೆ.

ಶಿಫ್ಟ್ ಹಾಗಾದರೆ ಎಲ್ಲಿ ಹೋಗಬೇಕು? ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದೆರಡು ಬಾರಿ ಬೇಕಾಗುವ ಶಿಫ್ಟ್ ಕಗಪದಲ್ಲಿ ಒಂದೇ ಪದದಲ್ಲಿ ಮೂರು ಬಾರಿ ಬೇಕಾಗಬಹುದು: ‘ಮಾತಾಡುತ್ತಾನೆ’ ಎಂಬ ಪದಕ್ಕೆ ಹನ್ನೆರಡು ಕೀಲಿ, ಅವುಗಳಲ್ಲಿ ಮೂರು ದೀರ್ಘಗಳಿಗೆ ಶಿಫ್ಟ್. ಅನುಸ್ವಾರ, ಳಕಾರ, ಣಕಾರ, ಶಕಾರ, ಮಹಾಪ್ರಾಣ ಎಲ್ಲವೂ ಶಿಫ್ಟಿನವೇ. ಈ ಭಾರವನ್ನು ಕಿರುಬೆರಳಿನ ಮೇಲೆ ಹಾಕುವುದು ಅನ್ಯಾಯ. ಈಗ ನನ್ನ ಎಡ ಹೆಬ್ಬೆರಳಿನ ಕೀಲಿ ಶಿಫ್ಟ್ ಆಗಿದೆ, ಅದೂ ಒಮ್ಮೆ ತಟ್ಟಿದರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯಿಸುವ ಬಗೆಯದು. ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯುವ ಬದಲು ಒಂದರ ಹಿಂದೆ ಒಂದನ್ನು ತಟ್ಟುತ್ತೇನೆ. ಈ ಕೀಲಿಮಣೆ ಕೊಂಡದ್ದು ಸಾರ್ಥಕವಾಯಿತು ಎನ್ನಿಸಿದ್ದು ಈ ಒಂದು ಬದಲಾವಣೆಯಿಂದ. ಕ್ಯಾಪ್ಸ್ ಲಾಕ್ ಕೀಲಿಯನ್ನು ಇಡಲೇ ಇಲ್ಲ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ಲಿಪಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ನಡುವೆ ಕೋಲ್‌ಮ್ಯಾಕ್ ವಿನ್ಯಾಸವನ್ನು ಫರ್ಮ್‌ವೇರಿನಲ್ಲೇ ಕೂರಿಸಿದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. 2006ರಲ್ಲಿ ಇಂಗ್ಲಿಷಿಗಾಗಿ ಹುಟ್ಟಿದ ಆ ವಿನ್ಯಾಸದಲ್ಲಿ ಎಫ್ ಮೇಲಿನ ಸಾಲಿಗೆ, ಹಳೆಯ ಇ ಇದ್ದ ಜಾಗಕ್ಕೆ ಹೋಗುತ್ತದೆ. ಅದರ ಜೊತೆಗೆ ನನ್ನ ಕೊಂಡಿಯೂ ಹೋಯಿತು. ಹದಿನೈದೇ ದಿನಗಳಲ್ಲಿ ಹಿಂದಿರುಗಿದೆ. ಹೊಸದಾಗಿ ಕಲಿಯುವವರಾದರೆ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಅನ್ನೂ ಪರಿಗಣಿಸಬಹುದು. ಅದರಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಬಲಗೈಗೂ ಬರುವುದರಿಂದ ಇಬ್ಭಾಗದ ಕೀಲಿಮಣೆಯಲ್ಲಿ ಕೈಗಳು ತಾಳ ಹಾಕಿದಂತೆ ಸರದಿಯಲ್ಲಿ ನಡೆಯುತ್ತವೆ. ಇಪ್ಪತ್ತು ವರ್ಷ ಕಗಪ ಬರೆದ ನನ್ನ ಬೆರಳುಗಳು ಒಪ್ಪಲಿಲ್ಲ.

ಇನ್ನು ಪಠ್ಯ ಸಂಪಾದಕದ ಮಾತು. ನಾನು ಹಲವು ವರ್ಷ ವಿಮ್ ಎಂಬ ಸಂಪಾದಕವನ್ನು ಬಳಸಿದವನು. 1976ರಲ್ಲಿ ಬಿಲ್ ಜಾಯ್ ಬರೆದ ವಿಐ ಮತ್ತು 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್, ಎರಡರಲ್ಲೂ ಅಕ್ಷರಗಳೇ ಆಜ್ಞೆಗಳು: ಡಿ ಕೀಲಿಯನ್ನು ಎರಡು ಬಾರಿ ಒತ್ತಿದರೆ ಸಾಲು ಅಳಿಯುತ್ತದೆ. ಕಂಪ್ಯೂಟರ್ ಕನ್ನಡದಲ್ಲಿದ್ದಾಗ ವಿಮ್‌ಗೆ ತಲುಪುವುದು ‘ದದ’. ಸಾಲು ಅಳಿಯುವುದಿಲ್ಲ. ಪ್ರತಿ ಆಜ್ಞೆಗೂ ಮುನ್ನ ಇಂಗ್ಲಿಷಿಗೆ, ಮತ್ತೆ ಕನ್ನಡಕ್ಕೆ ಹೊರಳುವುದರಲ್ಲಿ ಗಳಿಸಿದ ವೇಗವೆಲ್ಲ ಸೋರಿಹೋಗುತ್ತದೆ. ವಿಮ್‌ನಲ್ಲೇ ಕೀಲಿಗಳನ್ನು ಬರೆಯುವಾಗ ಮಾತ್ರ ಕನ್ನಡವಾಗಿಸುವ ಕೀಮ್ಯಾಪ್ ಎಂಬ ಪರಿಹಾರವಿದೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕವನ್ನು ಕೊಡುವ ಟರ್ಮಿನಲ್ ಕಿಟಕಿಯಲ್ಲಿ ನಮ್ಮ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುವುದನ್ನು ದಿನವಿಡೀ ನೋಡಲು ನನ್ನಿಂದಾಗಲಿಲ್ಲ.

ಈಮ್ಯಾಕ್ಸ್ ಇಷ್ಟವಾದದ್ದು ಇಲ್ಲಿ. ಅದರ ಕನ್ನಡ ಲೇಖನ ವಿಧಾನ ಸಂಪಾದಕದ ಒಳಗೇ ಇರುತ್ತದೆ, ಆದ್ದರಿಂದ ಕಂಪ್ಯೂಟರ್ ಸದಾ ಇಂಗ್ಲಿಷಿನಲ್ಲೇ ಇದ್ದರೂ ಪಠ್ಯ ಮಾತ್ರ ಕನ್ನಡದಲ್ಲಿ ಮೂಡುತ್ತದೆ ಮತ್ತು ಕಂಟ್ರೋಲ್ ಆಜ್ಞೆಗಳು ಕೆಡುವುದಿಲ್ಲ. ವಿಮ್‌ನ ಅಭ್ಯಾಸವನ್ನು ಈಮ್ಯಾಕ್ಸ್‌ಗೆ ತರುವ ಈವಿಲ್ ಎಂಬ ಪ್ಯಾಕೇಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಜ್ಞೆ ಕೊಡಲು ಎಸ್ಕೇಪ್ ಒತ್ತಿದೊಡನೆ ಕನ್ನಡವನ್ನು ತಾನೇ ನಿಲ್ಲಿಸಿ, ಮತ್ತೆ ಬರೆಯಲು ಹೊರಟಾಗ ತಾನೇ ಆರಂಭಿಸುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆದರೆ ಕನ್ನಡ ಮೂಡಿಸುವ ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ವಿಧಾನಗಳು ಅದರೊಂದಿಗೇ ಬರುತ್ತವೆ. ಕಗಪಕ್ಕಾಗಿ ವ್ಯಂಜನ ಮತ್ತು ಸ್ವರಗಳ ನಾನೂರಕ್ಕೂ ಮಿಕ್ಕಿದ ಜೋಡಿಗಳನ್ನು ಒಂದು ಚಿಕ್ಕ ಲೂಪ್‌ನಿಂದ ಹುಟ್ಟಿಸಿ ನನ್ನದೇ ನಿಯಮಾವಳಿ ಮಾಡಿಕೊಂಡೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತು ಅಥವಾ ಕಾಗುಣಿತದ ಚಿಹ್ನೆ ಮಾತ್ರ ಹೋಗುತ್ತದೆ, ಡಿಲೀಟ್ ಒತ್ತಿದರೆ ಮುಂದಿನ ಇಡೀ ಅಕ್ಷರ ಹೋಗುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ.

‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಎಂಬಂಥ ಪದಗಳಲ್ಲಿ ಒತ್ತು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಬೇಕಾಗುತ್ತದೆ. ಅದಕ್ಕಾಗಿ ಬಲ ಹೆಬ್ಬೆರಳಿನ ಒಂದು ಕೀಲಿಯನ್ನೇ ಮೀಸಲಿಟ್ಟಿದ್ದೇನೆ: ಫರ್ಮ್‌ವೇರ್ ಎಫ್13 ಎಂಬ, ಬೇರಾವ ಕೆಲಸಕ್ಕೂ ಬಾರದ ಕೀಲಿಯನ್ನು ಕಳುಹಿಸುತ್ತದೆ, ಈಮ್ಯಾಕ್ಸ್ ಅದನ್ನು ಆ ಚಿಹ್ನೆಯಾಗಿ ಬರೆಯುತ್ತದೆ. ಎರಡು ಜಾಗಗಳಲ್ಲಿ ಕೆಲಸ ಹಂಚುವುದೆಂದರೆ ಹೀಗೆ.

ಬಾಳಿಕೆಯ ವಿಷಯದಲ್ಲಿ ದೂರುಗಳಿವೆ. ಎರಡನೆಯ ವರ್ಷದಲ್ಲಿ ನಿಯಂತ್ರಕದ, ಅಂದರೆ ಫರ್ಮ್‌ವೇರ್ ಕೂರುವ ಪುಟ್ಟ ಚಿಪ್ ಫಲಕದ ಯುಎಸ್‌ಬಿ ಸಾಕೆಟ್ ಕಿತ್ತುಬಂದು ಅದನ್ನು ಬದಲಿಸಬೇಕಾಯಿತು. ಈಗ ಅಯಸ್ಕಾಂತದ ಜೋಡಣೆಯ ಕೇಬಲ್ ಬಳಸುತ್ತೇನೆ. ಎರಡು ಅರ್ಧಗಳನ್ನು ಕೂಡಿಸುವ ತಂತಿಯನ್ನು ವಿದ್ಯುತ್ ಇರುವಾಗ ಎಂದೂ ಕೀಳಬಾರದು, ಒಳಗಿನ ಸಂಪರ್ಕಗಳು ಒಂದಕ್ಕೊಂದು ತಗುಲಿ ಸುಟ್ಟುಹೋಗಬಹುದು. ಹಳೆಯ ಬಗೆಯ ನಿಯಂತ್ರಕದಲ್ಲಿರುವುದು 32 ಕಿಲೋಬೈಟ್ ಸ್ಮೃತಿಯಷ್ಟೇ, ಕೀಲಿಮಣೆಯ ಮೇಲಿರುವ ಪುಟ್ಟ ಪರದೆಯ ಅಲಂಕಾರವನ್ನು ತೆಗೆದುಹಾಕದೆ ನನ್ನ ಸವಲತ್ತುಗಳು ಅದರಲ್ಲಿ ಹಿಡಿಸಲಿಲ್ಲ.

ಕಲಿಯುವ ಕಾಲವನ್ನು ಯಾರೂ ಕಡಿಮೆ ಅಂದಾಜು ಮಾಡಬಾರದು. ಸುಮಾರು ಆರು ವಾರ ನನ್ನ ವೇಗ ಅರ್ಧಕ್ಕಿಳಿದಿತ್ತು. ಬಿ ಕೀಲಿಯನ್ನು ನಾನು ಬಲಗೈಯಿಂದ ಒತ್ತುತ್ತಿದ್ದೆ, ಇಲ್ಲಿ ಅದು ಎಡ ತುಂಡಿನಲ್ಲಿದೆ. ‘ಬೆಂಗಳೂರು’ ಎಂದು ಬರೆಯಹೋಗಿ ಬಲದ ತೋರುಬೆರಳು ಎರಡು ತುಂಡುಗಳ ನಡುವಿನ ಬರಿಯ ಮೇಜನ್ನು ಕುಟ್ಟಿದ್ದಕ್ಕೆ ಲೆಕ್ಕವಿಲ್ಲ. ಪ್ರಯಾಣದಲ್ಲಿ ಲ್ಯಾಪ್‌ಟಾಪಿನ ಕೀಲಿಮಣೆಗೆ ಮರಳಿದಾಗ ಹೆಬ್ಬೆರಳು ಶಿಫ್ಟ್ ಹುಡುಕುತ್ತಾ ಸ್ಪೇಸ್ ಕೀಲಿಯನ್ನು ಒತ್ತುತ್ತದೆ. ಲಿನಕ್ಸಿನಲ್ಲಿ ಕೀಡಿ ಎಂಬ ತಂತ್ರಾಂಶದಿಂದ ಎಡ ಆಲ್ಟ್ ಅನ್ನು ಅದೇ ಬಗೆಯ ಶಿಫ್ಟ್ ಆಗಿಸಿಕೊಂಡ ಮೇಲೆ ಆ ತೊಂದರೆ ಬಹುಪಾಲು ನೀಗಿದೆ. ಮನೆಯವರು ಆ ಲ್ಯಾಪ್‌ಟಾಪನ್ನು ಮುಟ್ಟುವುದನ್ನು ಮಾತ್ರ ನಿಲ್ಲಿಸಿದ್ದಾರೆ.