1939ರ ರೂಪಾಯಿ ಕೊಳ್ಳುವವರೇ, ಕೊನೆಯ ಅಂಕೆಯನ್ನು ಮೊದಲು ನೋಡಿ

ಬ್ರಿಟಿಷ್ ದೊರೆ ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ ಹಣ ಎಣಿಸುವ ಮೊದಲು ದಯವಿಟ್ಟು ಇದನ್ನು ಓದಿ. ಹದಿನೆಂಟು ವರ್ಷಗಳಿಂದ ನಾಣ್ಯ ಸಂಗ್ರಹಿಸುತ್ತಿರುವ, ಹೊಸಬರಿಗೆ ಬುದ್ಧಿ ಹೇಳುತ್ತಿದ್ದ ನಾನೇ 36,000 ರೂಪಾಯಿ ಕಳೆದುಕೊಂಡು ಕುಳಿತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಈ ನಾಣ್ಯಕ್ಕೆ ಇಷ್ಟು ಬೆಲೆ ಏಕೆಂಬುದು ಸಂಗ್ರಾಹಕರಿಗೆ ಗೊತ್ತೇ ಇದೆ. 1940ರಿಂದ ರೂಪಾಯಿಯಲ್ಲಿನ ಬೆಳ್ಳಿಯನ್ನು ಶೇ. 91.7ರಿಂದ ಶೇ. 50ಕ್ಕೆ ಇಳಿಸಲಾಯಿತು, ಅದಕ್ಕೆ ಹಿಂದಿನ 1939ರ ರೂಪಾಯಿಗಳು ಉಳಿದಿರುವುದು ತೀರಾ ಕಡಿಮೆ. 1938ರದ್ದಾದರೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಸಿಗುತ್ತದೆ. ಎರಡರಲ್ಲಿಯೂ ಅದೇ ರಾಜನ ಮುಖ, ಅದೇ 11.66 ಗ್ರಾಂ ತೂಕ, ಅದೇ ಬೆಳ್ಳಿ.

ಮಾರಿದಾತ ನನಗೆ ನಾಲ್ಕು ವರ್ಷಗಳ ಪರಿಚಯ. ಮಂಗಳೂರಿನ ಹಂಪನಕಟ್ಟೆಯ ಸಮೀಪದ ಒಂದು ಹೋಟೆಲಿನಲ್ಲಿ ಕುಳಿತು, ನಾನು ಕೇಳುವ ಮೊದಲೇ ಆತ ಚೀಲದಿಂದ ಪುಟ್ಟ ತಕ್ಕಡಿಯನ್ನೂ ಅಯಸ್ಕಾಂತವನ್ನೂ ತೆಗೆದು ಮೇಜಿನ ಮೇಲಿಟ್ಟು, "ನಾನು ಹೇಳುವುದು ಬೇಡ ಸರ್, ನೀವೇ ನೋಡಿ" ಎಂದ. ತೂಕ ಸರಿಯಾಗಿತ್ತು. ಅಯಸ್ಕಾಂತಕ್ಕೆ ಅಂಟಲಿಲ್ಲ. ಮೇಜಿಗೆ ಬಡಿದರೆ ಬೆಳ್ಳಿಯ ನಾದವೇ ಬಂತು. ಬಾರದೆ ಏನು, ಅದು ಬೆಳ್ಳಿಯೇ ಆಗಿತ್ತಲ್ಲ! ತಾನಾಗಿಯೇ ಪರೀಕ್ಷೆ ಮಾಡಿಸುವವನ ಮೇಲೆ ಸಂಶಯಪಡಲು ನನಗೆ ತೋಚಲೇ ಇಲ್ಲ. ಭೂತಗನ್ನಡಿ ನನ್ನ ಕಿಸೆಯಲ್ಲೇ ಇತ್ತು. ಅದನ್ನು ತೆಗೆದು ರಾಜನ ಕಿರೀಟದ ಕೆತ್ತನೆಯನ್ನು ನೋಡಿ ಮೆಚ್ಚಿದೆ. ನಾಣ್ಯವನ್ನು ತಿರುಗಿಸಿ ಇಸವಿಯನ್ನು ಮಾತ್ರ ಬರಿಗಣ್ಣಿನಿಂದ ಓದಿದೆ. ಇಸವಿಯನ್ನು ಬರಿಗಣ್ಣಿನಿಂದ ಓದಿದೆ ಎಂಬುದನ್ನು ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಮುಂದಿನ ಭಾನುವಾರ ಹೆಮ್ಮೆಯಿಂದ ಉಡುಪಿಗೆ ಹೋಗಿ, ರಥಬೀದಿಯ ಹತ್ತಿರವಿರುವ ಹಿರಿಯ ಸಂಗ್ರಾಹಕರೊಬ್ಬರ ಕೈಗೆ ಅದನ್ನು ಕೊಟ್ಟೆ. ಅವರು ಭೂತಗನ್ನಡಿಯಡಿ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ತಮ್ಮ 1938ರ ರೂಪಾಯಿಯೊಂದನ್ನು ತಂದು ಪಕ್ಕದಲ್ಲಿಟ್ಟು, "ಮೊದಲು ಕಾಫಿ ಕುಡಿಯುವ, ಆಮೇಲೆ ನೋಡುವ" ಎಂದರು. ನನಗೆ ಆಗಲೇ ಅರ್ಥವಾಯಿತು. ನನ್ನದೂ 1938ರ ನಾಣ್ಯವೇ, ಅದರ 8ರ ಕೆಳಗಿನ ಸೊನ್ನೆಯ ಎಡಭಾಗವನ್ನು ಕೆರೆದು ತೆಗೆದು 9 ಮಾಡಲಾಗಿತ್ತು. ಕೆರೆದ ಜಾಗದಲ್ಲಿ ಲೋಹ ತುಸು ತಗ್ಗಾಗಿ, ಸುತ್ತಲಿನ ಹಳೆಯ ಮಬ್ಬಿನ ನಡುವೆ ಅದೊಂದೇ ಕಡೆ ಬೇರೆ ಬಗೆಯ ಹೊಳಪಿತ್ತು. ಒಮ್ಮೆ ಕಂಡ ಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಿಸಲಿಲ್ಲ. ಆ ಕಾಫಿಯ ರುಚಿ ನನಗೆ ತಿಳಿಯಲೇ ಇಲ್ಲ.

ಅಂದು ಸಂಜೆಯೇ ಮಾರಿದವನಿಗೆ ಕರೆ ಮಾಡಿದೆ. "ಬೆಳ್ಳಿ ಹೌದಲ್ಲ ಸರ್, ತೂಕ ನೀವೇ ನೋಡಿದ್ದಲ್ಲ" ಎಂಬುದು ಮೊದಲ ಉತ್ತರ. ಮರುದಿನ, "ನಾನೂ ಒಬ್ಬರಿಂದ ತಂದದ್ದು ಮಾರಾಯ್ರೆ, ನನಗೆಂತ ಗೊತ್ತು?" ಮೂರನೆಯ ಸಲ ದನಿಯೇ ಬದಲಾಗಿತ್ತು: "ನೀವು ಕೊಂಡುಹೋಗಿ ಒಂದು ವಾರ ಆಯಿತು, ನಾನು ಕೊಟ್ಟ ನಾಣ್ಯ ಇದೇ ಅಂತ ಹೇಗೆ ಹೇಳುವುದು?" ಹದಿನೆಂಟು ವರ್ಷ ಹವ್ಯಾಸದಲ್ಲಿದ್ದವನನ್ನೇ ಕಳ್ಳನನ್ನಾಗಿ ಮಾಡಿದ ಮಾತು ಅದು! ರಶೀದಿ ಇದೆಯಲ್ಲ ಎಂದು ಹುಡುಕಿ ತೆಗೆದರೆ ಅದರಲ್ಲಿ ಬರೆದದ್ದು "ಹಳೆ ಬೆಳ್ಳಿ ನಾಣ್ಯ – 1" ಎಂದಷ್ಟೇ. ಇಸವಿಯೇ ಇಲ್ಲ. ಕೊನೆಗೆ ಬೆಳ್ಳಿಯ ಬೆಲೆಗೆ ಮರಳಿ ತೆಗೆದುಕೊಳ್ಳುವ ಉಪಕಾರವನ್ನೂ ಮಾಡಲು ಬಂದ, ನಾನು ಕೊಡಲಿಲ್ಲ. ಕೊಟ್ಟರೆ ಅದು ಇನ್ನೊಬ್ಬರ ಕೈಗೆ 1939 ಆಗಿಯೇ ಹೋಗುತ್ತದೆ.

ತೂಕ, ಅಯಸ್ಕಾಂತದ ಪರೀಕ್ಷೆ ಸರಿಬಂತೆಂದು ಇಸವಿಯನ್ನೂ ನಂಬಿಬಿಡಬೇಡಿ. ಅಂಕೆಯ ಸುತ್ತಲಿನ ಜಾಗವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಒಂದು 1938ರ ನಾಣ್ಯದ ಜೊತೆಗಿಟ್ಟು ನೋಡಿ. ರಶೀದಿಯಲ್ಲಿ ರಾಜನ ಹೆಸರು, ಇಸವಿ, ತಿದ್ದಿದ್ದೆಂದು ಕಂಡುಬಂದರೆ ಹಣ ವಾಪಸು ಎಂಬ ಮಾತು ಮೂರನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ, ಎಷ್ಟೇ ವರ್ಷಗಳ ಪರಿಚಯವಿರಲಿ, ಎದ್ದು ಬನ್ನಿ. ನನ್ನ ನಾಣ್ಯವನ್ನು ನೋಡಬೇಕೆನ್ನುವವರಿಗೆ ಖಂಡಿತ ತೋರಿಸುತ್ತೇನೆ, ಮಾರುವುದಿಲ್ಲ.