ತಾಲಿಬೋಂಗ್ ಕತ್ತಿಯ ಹಿಡಿಗೂ ಒರೆಗೂ ಯಾವ ಮರ? ನಾರಾ, ಕಮಗೋಂಗ್ ಮತ್ತು ಹಲಸಿನ ಹೋಲಿಕೆ

ಫಿಲಿಪ್ಪೀನ್ಸಿನ ವಿಸಾಯಸ್ ದ್ವೀಪಸಮೂಹದಲ್ಲಿ, ಅದರಲ್ಲಿಯೂ ಪನಾಯ್ ಮತ್ತು ನೆಗ್ರೋಸ್ ದ್ವೀಪಗಳಲ್ಲಿ, ತಾಲಿಬೋಂಗ್ ಎಂಬ ಕತ್ತಿಗೆ ಹಳೆಯ ಪರಂಪರೆಯಿದೆ. ಅದರ ಅಲಗಿನ ಒಂದು ಮುಖ ಚಪ್ಪಟೆಯಾಗಿರುತ್ತದೆ, ಇನ್ನೊಂದು ಮುಖವನ್ನು ಮಾತ್ರ ಸಾಣೆ ಹಿಡಿದು ಇಳಿಜಾರು ಮಾಡಿರುತ್ತಾರೆ. ಹಿಡಿ ಕೆಳಮುಖವಾಗಿ ಬಾಗಿ, ತುದಿಯಲ್ಲಿ ಪ್ರಾಣಿಯ ಅಥವಾ ಬಾಕುನಾವಾ ಎಂಬ ಸರ್ಪದ ತಲೆಯಾಗಿ ಮುಗಿಯುತ್ತದೆ. ಬಾಕುನಾವಾ ಚಂದ್ರನನ್ನು ನುಂಗುವ ಸರ್ಪವೆಂಬುದು ಅಲ್ಲಿಯವರ ನಂಬಿಕೆ. ನಮ್ಮ ರಾಹುವಿನ ನೆನಪು ಬಾರದಿರದು. ಪನಾಯ್ ದ್ವೀಪದ ಇಲೊಯಿಲೊದಲ್ಲಿ ನೆಲೆಸಿದ್ದ ಕಾಲದಲ್ಲಿ ನಾನು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಅಲಗುಗಳನ್ನು ಒಬ್ಬನೇ ಕಮ್ಮಾರನಿಂದ ಒಂದೇ ಅಳತೆಯಲ್ಲಿ ಮಾಡಿಸಿಕೊಂಡು, ಹಿಡಿ ಮತ್ತು ಒರೆಗಳನ್ನು ಬೇರೆ ಬೇರೆ ಮರಗಳಲ್ಲಿ ನಾನೇ ಕೆತ್ತಿದೆ. ಅಲಗುಗಳು ಒಂದೇ ಬಗೆಯವಾದ್ದರಿಂದ ಮರಗಳ ಗುಣಭೇದ ಸ್ಪಷ್ಟವಾಗಿ ಕೈಗೆ ತಿಳಿಯಿತು.

ಮೊದಲಿಗೆ ಕಮಗೋಂಗ್. ಇದು ನಮ್ಮ ಕರಿಮರದ ಕುಲಕ್ಕೇ ಸೇರಿದ್ದು. ಇದರ ಚೇಗು ಕಪ್ಪಾಗಿ, ನೀರಿನಲ್ಲಿ ಮುಳುಗುವಷ್ಟು ಭಾರವಾಗಿರುತ್ತದೆ. ಅಲ್ಲಿಯ ಅರ್ನಿಸ್ ಎಂಬ ಕೋಲುವರಸೆಯ ಕೋಲುಗಳನ್ನು ಇದರಿಂದ ಮಾಡುತ್ತಾರೆಂದರೆ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನುಣುಪು ಮಾಡಿದ ಕಮಗೋಂಗ್ ಹಿಡಿಯ ಅಂದಕ್ಕೆ ಸಾಟಿಯಿಲ್ಲ, ಸರ್ಪದ ಹಲ್ಲುಗಳ ಅಂಚು ಕೂಡ ಅದರಲ್ಲಿ ಚೂಪಾಗಿ ನಿಲ್ಲುತ್ತದೆ. ಆದರೆ ಉಳಿಯನ್ನು ಮೇಲಿಂದ ಮೇಲೆ ಮಸೆಯಬೇಕಾಗುತ್ತದೆ. ಎಷ್ಟೋ ಕಡೆ ಉಳಿಯನ್ನು ಬಿಟ್ಟು ಅರದಿಂದಲೇ ಆಕಾರ ತೆಗೆಯಬೇಕಾಯಿತು. ತೆಳುವಾದ ಭಾಗಗಳು ಬಾಗುವುದಿಲ್ಲ, ಚಕ್ಕೆಯೆದ್ದು ಹೋಗುತ್ತವೆ. ಇವೆಲ್ಲವನ್ನೂ ಸಹಿಸಿಕೊಳ್ಳಬಹುದು; ನನ್ನ ಮುಖ್ಯ ಆಕ್ಷೇಪ ತೂಕದ ಬಗ್ಗೆ. ತಾಲಿಬೋಂಗ್ ಕಡಿಯುವ ಕತ್ತಿಯಾದ್ದರಿಂದ ಅದರ ಭಾರ ಅಲಗಿನ ಮುಂಭಾಗದಲ್ಲಿದ್ದರೆ ಏಟು ತಾನಾಗಿಯೇ ಇಳಿಯುತ್ತದೆ. ಕಮಗೋಂಗ್ ಹಿಡಿ ಹಾಕಿದಾಗ ಆ ಭಾರ ಮುಷ್ಟಿಯ ಹತ್ತಿರಕ್ಕೆ ಸರಿದು, ತೆಂಗಿನಕಾಯಿ ಒಡೆಯುವಾಗ ತೋಳಿನ ಶ್ರಮ ಹೆಚ್ಚಾಯಿತು. ಗೋಡೆಯ ಮೇಲೆ ತೂಗುಹಾಕುವವರಿಗೆ ಇದು ದೋಷವೆನಿಸದಿರಬಹುದು.

ನಾರಾ ಮರವನ್ನು 1934ರಲ್ಲಿ ಫಿಲಿಪ್ಪೀನ್ಸಿನ ರಾಷ್ಟ್ರವೃಕ್ಷವೆಂದು ಘೋಷಿಸಲಾಯಿತು. ಅನುಮತಿಯಿಲ್ಲದೆ ನಾರಾ ಅಥವಾ ಕಮಗೋಂಗ್ ಮರವನ್ನು ಕಡಿಯುವಂತಿಲ್ಲವಾದ ಕಾರಣ, ಕೆಡವಿದ ಹಳೆಯ ಮನೆಯ ಬಾಗಿಲುವಾಡದ ತುಂಡುಗಳನ್ನು ನಾನು ಕೊಂಡೆ. ಹಳೆಯ ಮರ ಪೂರ್ತಿ ಒಣಗಿರುವುದರಿಂದ ಕೆತ್ತಿದ ಮೇಲೆ ಬಿರಿಯುವ ಭಯವೂ ಇರಲಿಲ್ಲ. ನಾರಾದ ನಾರು ಎಡಕ್ಕೂ ಬಲಕ್ಕೂ ಹೆಣೆದುಕೊಂಡು ಬೆಳೆದಿರುತ್ತದೆ; ಒಂದು ದಿಕ್ಕಿನಲ್ಲಿ ನಯವಾಗಿ ಸಾಗಿದ ಉಳಿ ಬೆರಳಗಲದ ಆಚೆಗೆ ನಾರನ್ನು ಕಿತ್ತು ಗುಳಿ ಮಾಡುತ್ತದೆ. ಆದ್ದರಿಂದ ಕೆತ್ತನೆ ನಿಧಾನ. ಆದರೆ ಅದೇ ಹೆಣಿಗೆಯ ಫಲವಾಗಿ ಹಿಡಿ ಸುಲಭಕ್ಕೆ ಸೀಳುವುದಿಲ್ಲ. ಅಲಗಿನ ಬಾಲ ಹಿಡಿಯೊಳಗೆ ಬೆಣೆಯ ಹಾಗೆ ಕೂತಿರುತ್ತದೆ, ಪ್ರತಿ ಏಟಿಗೂ ಮರವನ್ನು ಒಳಗಿನಿಂದ ಸೀಳಲು ನೋಡುತ್ತದೆ. ಅಲ್ಲಿ ಈ ಗುಣ ಬಣ್ಣಕ್ಕಿಂತಲೂ ಹೊಳಪಿಗಿಂತಲೂ ಹೆಚ್ಚಿನದು. ತೂಕವೂ ಹಿತಮಿತ. ಬಾಗಿದ ಹಿಡಿಯನ್ನು ನೇರ ಹಲಗೆಯಿಂದ ಕೆತ್ತಿದರೆ ತುದಿಯ ಕೊಕ್ಕಿನಲ್ಲಿ ನಾರು ಅಡ್ಡಕ್ಕೆ ತುಂಡಾಗಿರುತ್ತದೆ, ಆ ಜಾಗ ದುರ್ಬಲ. ಕೊಂಬೆ ಕವಲೊಡೆದ ಕಡೆಯ ತುಂಡು ಸಿಕ್ಕಿದರೆ ಯಾವ ಮರವಾದರೂ ಅದನ್ನೇ ಹಿಡಿಗೆ ಆರಿಸಿಕೊಳ್ಳಬೇಕು. ಪ್ರಾಸಂಗಿಕವಾಗಿ ಒಂದು ಮಾತು: ನಾರಾ ನಮ್ಮ ಹೊನ್ನೆ ಮರದ ಹತ್ತಿರದ ಬಂಧು. ಅದರ ಹೊಟ್ಟನ್ನು ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ, ನಮ್ಮಲ್ಲಿ ಮಾರುವ ಹೊನ್ನೆ ಲೋಟದ ನೀರಿನಂತೆಯೇ ನೀಲಿ ಛಾಯೆ ಕಾಣುತ್ತದೆ.

ಹಲಸಿನ ವಿಷಯಕ್ಕೆ ಬಂದರೆ ಲೆಕ್ಕಾಚಾರ ತಿರುಗುಮುರುಗಾಗುತ್ತದೆ. ಮಿಂದನಾವೊ ದ್ವೀಪದ ಕುಡ್ಯಾಪಿ ಎಂಬ ತಂತಿವಾದ್ಯವನ್ನು ಹಲಸಿನ ಮರದಲ್ಲಿ ಕೊರೆಯುತ್ತಾರೆ, ನಮ್ಮಲ್ಲಿ ವೀಣೆಯನ್ನು ಮಾಡುವಂತೆ. ಒಳಗನ್ನು ಟೊಳ್ಳು ಮಾಡುವ ಕೆಲಸಕ್ಕೆ ಈ ಮರ ಒಗ್ಗುತ್ತದೆಯೆಂಬುದು ಎರಡೂ ಕಡೆಯವರು ಕಂಡುಕೊಂಡ ವಿಷಯ. ಹಿಡಿಗೆ ಇದು ಸಾಲದು. ಸಣ್ಣ ಹಲ್ಲು, ಕಣ್ಣಿನ ರೆಪ್ಪೆ ಮೊದಲಾದ ಕುಸುರಿ ಬಳಕೆಯಲ್ಲಿ ಜಜ್ಜಿಹೋಗಿ ಮೊಂಡಾಗುತ್ತದೆ. ಒರೆಗೆ ಮಾತ್ರ ಇದನ್ನು ಬಿಟ್ಟು ಬೇರೆ ಮರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಒರೆಯೆಂದರೆ ಎರಡು ತೆಳು ಹಲಗೆಗಳು. ತಾಲಿಬೋಂಗ್‌ನ ಒಂದು ಮುಖ ಚಪ್ಪಟೆಯಿರುವುದರಿಂದ ಒಂದು ಹಲಗೆಯಲ್ಲಿ ಮಾತ್ರ ಅಲಗಿನ ಆಳಕ್ಕೆ ಕೊರೆದರೆ ಸಾಕು, ಇನ್ನೊಂದನ್ನು ಮಟ್ಟಸವಾಗಿ ಹೆರೆದು ಮುಚ್ಚಬಹುದು. ಹಲಸಿನಲ್ಲಿ ಈ ಕೊರೆತ ಒಂದು ಮಧ್ಯಾಹ್ನದ ಕೆಲಸ. ನಾರಾದಲ್ಲಿ ನಾರು ಕಿತ್ತು ಒಳಮೈ ಒರಟಾಯಿತು. ಕಮಗೋಂಗ್‌ನ ದಪ್ಪ ತುಂಡನ್ನು ತೆಳು ಹಲಗೆಯಾಗಿ ಕೊಯ್ಯುವುದೇ ಪ್ರಯಾಸ. ಕೊಯ್ದರೂ ಸೊಂಟಕ್ಕೆ ಕಟ್ಟಿಕೊಂಡು ನಡೆಯಲಾಗದಷ್ಟು ಭಾರ. ಹೊಸದರಲ್ಲಿ ಅರಿಸಿನದ ಬಣ್ಣವಿರುವ ಹಲಸು ಬೆಳಕು ತಗುಲುತ್ತಾ ಕಂದುಬಣ್ಣಕ್ಕೆ ತಿರುಗುತ್ತದೆ. ಕೆಲವು ತಿಂಗಳಲ್ಲಿ ಅದು ನಾರಾ ಹಿಡಿಯ ಪಕ್ಕದಲ್ಲಿ ಬೇರೆ ಮರವೆಂದು ಎದ್ದು ಕಾಣುವುದಿಲ್ಲ.

ಅಲಗನ್ನು ಹಿಡಿಗೆ ಕೂರಿಸಲು ಅಲ್ಮಾಸಿಗಾ ಮರದ ರಾಳ ಮತ್ತು ಅಂಗಡಿಯ ಎಪಾಕ್ಸಿ ಅಂಟು ಎರಡನ್ನೂ ಪ್ರಯೋಗಿಸಿದೆ. ಬಲದ ಮಾತಾದರೆ ಎಪಾಕ್ಸಿಯೇ ಮೇಲು. ರಾಳ ಒಣ ಸ್ವಭಾವದ್ದಾದ್ದರಿಂದ ಸ್ವಲ್ಪ ಜೇನುಮೇಣವನ್ನೂ ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನೂ ಬೆರೆಸಿ ಕರಗಿಸಿದರೂ, ಗಟ್ಟಿ ಸೌದೆ ಕಡಿದ ಮೇಲೆ ಹಿಡಿಯಲ್ಲಿ ತುಸು ಅಲುಗಾಟ ಬಂತು. ಆದರೂ ಕೆತ್ತಿದ ಹಿಡಿಗೆ ನಾನು ರಾಳವನ್ನೇ ಆರಿಸುತ್ತೇನೆ. ವರ್ಷಗಟ್ಟಲೆ ಮಸೆಯುವಾಗ ಸವೆದುಹೋಗುವುದು ಅಲಗು. ಚೆನ್ನಾಗಿ ಕೆತ್ತಿದ ಹಿಡಿ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ರಾಳ ಹಾಕಿದ್ದರೆ ಅಲಗನ್ನು ಬುಡದಲ್ಲಿ ಕಾಯಿಸಿ ಹೊರಗೆಳೆದು, ಅದೇ ಹಿಡಿಗೆ ಹೊಸ ಅಲಗನ್ನು ಕೂರಿಸಬಹುದು. ಸಡಿಲವಾದರೂ ಮದ್ದು ಅದೇ. ಎರಡೂ ವಿಧಾನಗಳಲ್ಲಿ ಹಿಡಿಯ ಬಾಯಿಗೆ ಹಿತ್ತಾಳೆಯ ಅಣಸು ಕಡ್ಡಾಯ.

ಮೆರುಗಿಗೆ ತೆಂಗಿನೆಣ್ಣೆ ಆ ದ್ವೀಪಗಳಲ್ಲಿ ಬೇಕಾದಷ್ಟು ಸಿಗುತ್ತದೆಯಾದರೂ ಅದು ಎಂದಿಗೂ ಒಣಗದು, ಕೈಗೆ ಜಿಡ್ಡು ಅಂಟುತ್ತಲೇ ಇರುತ್ತದೆ. ಅಗಸೆ ಎಣ್ಣೆಯೇ ಸರಿ, ಅದೂ ಒರೆಯ ಹೊರಮೈಗೆ ಮಾತ್ರ.

ಒರೆಯ ಎರಡು ಹಲಗೆಗಳನ್ನು ಬಿಗಿಯಲು ಬೆತ್ತದ ಸೀಳು ಮತ್ತು ಅಬಾಕಾ ಹುರಿ ಎರಡೂ ಅಲ್ಲಿ ಸಿಗುತ್ತವೆ. ಅಬಾಕಾ ಬಾಳೆಯ ಜಾತಿಯ ಗಿಡ; ಅದರ ನಾರಿನ ಹುರಿ ಗಟ್ಟಿ, ಸುತ್ತುವುದೂ ಸುಲಭ, ಆದರೆ ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಂಡು ಅಲಗಿಗೆ ತುಕ್ಕು ತರುತ್ತದೆ. ಬೆತ್ತವನ್ನು ನೆನೆಸಿ ಒದ್ದೆಯಿರುವಾಗಲೇ ಸುತ್ತಿದರೆ ಒಣಗುತ್ತಾ ತಾನೇ ಬಿಗಿದುಕೊಳ್ಳುತ್ತದೆ, ಸುತ್ತುಗಳ ನಡುವೆ ಗಾಳಿಯಾಡಲು ಎಡೆಯೂ ಉಳಿಯುತ್ತದೆ. ನನ್ನ ಆಯ್ಕೆ ಬೆತ್ತ. ಯಾವುದನ್ನು ಸುತ್ತಿದರೂ, ಕತ್ತಿಯನ್ನು ಹಿರಿಯುವಾಗ ಒರೆಯಲ್ಲಿ ಅಲಗಿನ ಹರಿತದ ಕಡೆಯ ಸಂದಿಗೆ ಬೆರಳು ತಾಗದಂತೆ ಬೆನ್ನಿನ ಕಡೆಯಿಂದಲೇ ಹಿಡಿಯತಕ್ಕದ್ದು. ಓರೆಯಾಗಿ ಎಳೆದರೆ ಅಲಗು ಮೊದಲು ಕೊಯ್ಯುವುದು ಸಂದಿಯ ಮೇಲಿನ ಸುತ್ತನ್ನೇ.