ಹೈಸ್ಕೂಲ್ ಬ್ಯಾಂಡ್ ಸೆಟ್: ಕರಾವಳಿ ಮಳೆಗೆ ಎಷ್ಟು ತಡೆಯುತ್ತದೆ?

ಸೈಡ್ ಡ್ರಮ್ 6, ಬ್ಯೂಗಲ್ 6, ಬೇಸ್ ಡ್ರಮ್ 1, ಸಿಂಬಲ್ 1 ಜೊತೆ, ಟ್ರಯಾಂಗಲ್ 1, ಮುಂದೆ ನಡೆಯುವ ಲೀಡರಿಗೆ ಒಂದು ಕೋಲು. ಹದಿನಾರು ಮಕ್ಕಳ 'ಸ್ಕೂಲ್ ಬ್ಯಾಂಡ್ ಸೆಟ್' ಅಂದರೆ ಸಾಮಾನ್ಯವಾಗಿ ಇಷ್ಟು. ಮೀರತ್ತಿನ ಜಲಿ ಕೋಠಿ ಈ ವಾದ್ಯಗಳಿಗೆ ಹೆಸರಾದ ಜಾಗ. ಅಲ್ಲಿಯ ಮಾದರಿಯವೇ ಹುಬ್ಬಳ್ಳಿಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಕಾರವಾರ, ಕುಮಟಾ, ಶಿರಸಿ ಕಡೆಯ ಶಾಲೆಯವರಿಗೆ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ವಾದ್ಯ ತೆಗೆದುಕೊಳ್ಳಿ, 'ಸೆಟ್' ತೆಗೆದುಕೊಳ್ಳಬೇಡಿ. ಒಣ ಹವೆಯ ಊರಿಗೆ ಸರಿಹೋಗುವ ಮಾಲು ಇಲ್ಲಿಯ ಜುಲೈ ತಿಂಗಳಿಗೆ ಸಾಲುವುದಿಲ್ಲ.

ಸೈಡ್ ಡ್ರಮ್ ಸರಿಯಿದ್ದರೆ ಬ್ಯಾಂಡಿನ ಮುಕ್ಕಾಲು ಚಿಂತೆ ಕಳೆದಂತೆ. ಬರುವುದು ಹೆಚ್ಚಾಗಿ 14 ಇಂಚು ಅಗಲ, 12 ಇಂಚು ಎತ್ತರದ್ದು. ಎಂಟನೇ ಕ್ಲಾಸಿನ ಮಕ್ಕಳಿಗೆ ಈ ಎತ್ತರ ಜಾಸ್ತಿ, ನಡೆಯುವಾಗ ತೊಡೆಗೆ ಬಡಿಯುತ್ತದೆ. 10 ಇಂಚಿನದು ಸಿಕ್ಕರೆ ಅದನ್ನೇ ಕೇಳಿ. ಚರ್ಮದ ಹೆಡ್ (ಡ್ರಮ್ಮಿನ ಮೇಲೂ ಕೆಳಗೂ ಬಿಗಿಯುವ ಹೊದಿಕೆ) ಬೇಡವೇ ಬೇಡ. ಆಗಸ್ಟ್ 15 ಬರುವುದೇ ಮಳೆಗಾಲದ ನಡುವೆ. ಗಾಳಿಯ ತೇವಕ್ಕೆ ಚರ್ಮ ಸಡಿಲಾಗಿ ಸದ್ದು ಸತ್ತುಹೋಗುತ್ತದೆ, ಧ್ವಜವಂದನೆ ಹೊತ್ತಿನಲ್ಲಿ ಬೆಂಕಿಯ ಕಾವು ತೋರಿಸುತ್ತ ಕೂರಲು ಪುರಸೊತ್ತೆಲ್ಲಿ?

ಪ್ಲಾಸ್ಟಿಕ್ ಹೆಡ್ ಅಂದಮೇಲೂ ಒಂದು ತಕರಾರಿದೆ. ಕೋಲು ಬೀಳುವ ಮೇಲಿನ ಹೆಡ್ ಸುಮಾರು ಕಾಲು ಮಿಲಿಮೀಟರ್ ದಪ್ಪ ಇರಬೇಕು. ಸ್ನೇರ್ ತಂತಿ (ಅಡಿಯಲ್ಲಿ ಬಿಗಿದ, ಝರ್ ಎನ್ನುವ ತಂತಿಸಾಲು) ತಾಗುವ ಕೆಳಗಿನದು ಅದರ ಮೂರನೇ ಒಂದು ಪಾಲಿನಷ್ಟು ತೆಳು. ಅಗ್ಗದ ಸೆಟ್ಟುಗಳಲ್ಲಿ ಎರಡೂ ಕಡೆ ಒಂದೇ ದಪ್ಪದ್ದನ್ನು ಬಿಗಿದು ಕಳಿಸುತ್ತಾರೆ. ಕೆಳಗಿನದು ದಪ್ಪವಾದರೆ ಸಣ್ಣ ಪೆಟ್ಟಿಗೆ ಅದು ಅಲುಗುವುದಿಲ್ಲ, ತಂತಿ ಮಿಡಿಯುವುದಿಲ್ಲ. ಸದ್ದು ಬರಲಿ ಎಂದು ಮಕ್ಕಳು ಜೋರಾಗಿ ಬಾರಿಸುತ್ತಾರೆ, ಮಮ್ಮಿ-ಡ್ಯಾಡಿ ರೋಲ್ (ಒಂದೊಂದು ಕೈಗೆ ಎರಡೆರಡು ಪೆಟ್ಟಿನ ಓಟ) ಕೂಡಿಬರುವುದೇ ಇಲ್ಲ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಕೆಳಗಿನ ಹೆಡ್ ಬದಲಿಸಿ.

ಹೆಡ್ ಕೂರಿಸುವಾಗ ಬೋಲ್ಟುಗಳನ್ನು ಸಾಲಾಗಿ ಸುತ್ತಲೂ ಬಿಗಿಯುತ್ತ ಹೋಗಬಾರದು. ಮೊದಲು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ತಾಗಿಸಿ. ಆಮೇಲೆ ಚಾವಿಯಿಂದ ಒಂದಕ್ಕೆ ಅರ್ಧ ಸುತ್ತು, ನೇರ ಎದುರಿನದಕ್ಕೆ ಅರ್ಧ ಸುತ್ತು; ಎರಡನೇ ಸಲದಿಂದ ಕಾಲು ಸುತ್ತು ಸಾಕು. ಪ್ರತಿ ಬೋಲ್ಟಿನ ಎದುರು, ರಿಂಗಿನಿಂದ ಎರಡು ಬೆರಳು ಒಳಗೆ, ಕೋಲಿನ ತುದಿಯಿಂದ ತಟ್ಟಿ ನೋಡಿ. ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ಕೆಲಸ ಮುಗಿದಿಲ್ಲ. ಒಂದೇ ಬದಿಗೆ ಬಿಗಿದರೆ ರಿಂಗ್ ಡೊಂಕಾಗುತ್ತದೆ, ಆ ಡೊಂಕನ್ನು ಯಾವ ವರ್ಕ್‌ಶಾಪಿನವರೂ ಪೂರ್ತಿ ತೆಗೆಯಲಾರರು.

ಇನ್ನು ತುಕ್ಕು. ಹೊಳೆಯುವ ಕ್ರೋಮಿನ ಅಡಿಯಲ್ಲಿರುವುದು ಕಬ್ಬಿಣ. ಕಡಲ ಬದಿಯ ಉಪ್ಪುಗಾಳಿಗೆ ಮೊದಲು ಸ್ನೇರ್ ತಂತಿ ಹೋಗುತ್ತದೆ, ಆಮೇಲೆ ಬೋಲ್ಟಿನ ತಿರುಪಿನ ಮರೆ ಕಚ್ಚಿಕೊಳ್ಳುತ್ತದೆ. ಡ್ರಮ್ ಬಂದ ದಿನವೇ ಬೋಲ್ಟು ಬಿಚ್ಚಿ ಒಂದೊಂದಕ್ಕೂ ಗ್ರೀಸ್ ಸವರಿ. ತೆಂಗಿನೆಣ್ಣೆ ಬೇಡ, ಧೂಳು ಕೂತು ಅಂಟಾಗುತ್ತದೆ. ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಬೂಷ್ಟಿನದಿದೆ: ಕೋಲು, ಬೆಲ್ಟು, ಬೇಸ್ ಡ್ರಮ್ ಬಾರಿಸುವ ಉಣ್ಣೆಯ ಗುಂಡು, ಯಾವುದನ್ನೂ ಬಿಡದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಹಳೇ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಬೆಂಚಿನ ಮೇಲಿಡಿ.

ಬ್ಯೂಗಲ್ ಬಗ್ಗೆ 'ಎಲ್ಲ ಹಾಡೂ ಬರುತ್ತದೆ' ಅನ್ನುವ ಮಾತು ನಂಬಬೇಡಿ. ಅದಕ್ಕೆ ಒತ್ತುವ ವಾಲ್ವ್ ಇಲ್ಲ. ತುಟಿಯ ಬಿಗಿಯಿಂದ ಮಕ್ಕಳಿಗೆ ಸಿಗುವುದು ಐದೇ ಸ್ವರ: ಸ, ಪ, ಮೇಲಿನ ಸ, ಗ, ಪ. ಜನಗಣಮನದ ಎರಡನೇ ಅಕ್ಷರಕ್ಕೇ ರಿ ಬೇಕು, ಅದು ಬ್ಯೂಗಲ್ಲಿನಲ್ಲಿ ಇಲ್ಲ. ರಾಷ್ಟ್ರಗೀತೆ ನುಡಿಸಲೇಬೇಕು ಅಂತಿದ್ದರೆ ಟ್ರಂಪೆಟ್ಟೋ ಮೆಲೋಡಿಕಾವೋ (ಊದುತ್ತ ಮನೆ ಒತ್ತಿ ನುಡಿಸುವ ವಾದ್ಯ) ಬೇರೆ ತರಿಸಿ. ಇಲ್ಲವೇ ಬ್ಯೂಗಲ್ ಸಲಾಮಿಗಷ್ಟೇ ಇರಲಿ, 52 ಸೆಕೆಂಡಿನ ಗೀತೆಯನ್ನು ಮಕ್ಕಳು ಬಾಯಲ್ಲೇ ಹಾಡಲಿ. ಕೇಳಲು ಅದೇ ಚಂದ.

ಆರೂ ಬ್ಯೂಗಲ್ ಬಿ-ಫ್ಲಾಟ್ ಶ್ರುತಿಯವೇ ಹೌದೋ ಎಂದು ಬಂದ ಕೂಡಲೇ ನೋಡಿ. ಒಬ್ಬರೇ ಆರನ್ನೂ ಊದಬೇಕು. ಊದುವವರು ಬದಲಾದರೆ ಶ್ರುತಿಯೂ ಸ್ವಲ್ಪ ಬದಲಾಗುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ಮೌತ್‌ಪೀಸ್ ಮಗುವಿಗೊಂದು, ಹಂಚಿಕೊಳ್ಳುವ ಮಾತಿಲ್ಲ. ಊದಿದ ಮೇಲೆ ತೆಗೆದು, ಸೋಪಿನ ನೀರಲ್ಲಿ ತೊಳೆದು, ಬೇರೆಯಾಗಿಯೇ ಇಡಿ. ಹಾಗೇ ಬಿಟ್ಟರೆ ಕಿಲುಬು ಕಟ್ಟಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡದ್ದನ್ನು ಇಕ್ಕಳದಲ್ಲಿ ತಿರುವಿದರೆ ಕೊಳವೆ ತಿರುಚುತ್ತದೆ. ಮರದ ಸುತ್ತಿಗೆಯಿಂದ ಸಂದಿಯ ಸುತ್ತ ಮೆಲ್ಲಗೆ ತಟ್ಟಿ ಬಿಡಿಸಬೇಕು. ಬಾಯಗಲದ ಕಡೆ ತಗ್ಗು ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಊದುವ ಕಡೆಯ ಸಣ್ಣ ಕೊಳವೆಯಲ್ಲಿ ಬಿದ್ದರೆ ಸ್ವರ ಕೆಡುತ್ತದೆ.

ಸಿಂಬಲ್ ಹಿತ್ತಾಳೆ ತಗಡಿನದು, ಹೇಳಿಕೊಳ್ಳುವ ಸದ್ದಿಲ್ಲ, ಶಾಲೆಗೆ ನಡೆದೀತು. ಎರಡನ್ನೂ ನೇರ ಅಪ್ಪಳಿಸಿದರೆ ನಡುವೆ ಗಾಳಿ ಸಿಕ್ಕಿ ಬಪ್ ಅನ್ನುತ್ತದೆ. ಸ್ವಲ್ಪ ಓರೆಯಾಗಿ ಜಾರಿಸಿ ಹೊಡೆಯಲು ಕಲಿಸಿ. ಬೇಸ್ ಡ್ರಮ್ 28 ಇಂಚಿನದು ತಂದರೆ ಹೊತ್ತವನಿಗೆ ದಾರಿಯೇ ಕಾಣುವುದಿಲ್ಲ, 24 ಸಾಕು. ಎಡಗಾಲು ಊರುವಾಗ ಅದರ ಪೆಟ್ಟು ಬೀಳಬೇಕು. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ, 85 ಮೀಟರ್ ಹಿಂದಿರುವವರಿಗೆ ಸದ್ದು ಕಾಲು ಸೆಕೆಂಡ್ ತಡವಾಗಿ, ಅಂದರೆ ಅರ್ಧ ಹೆಜ್ಜೆ ತಪ್ಪಿ ತಲುಪುತ್ತದೆ. ಉದ್ದದ ಮೆರವಣಿಗೆಯ ಬಾಲ ಹೆಜ್ಜೆ ತಪ್ಪುವುದು ಶಿಸ್ತಿಲ್ಲದೆ ಅಲ್ಲ. ಬ್ಯಾಂಡನ್ನು ನಡುವೆ ನಿಲ್ಲಿಸಿದರೆ ಅರ್ಧ ತೊಂದರೆ ಕಡಿಮೆ.

ಪೆಟ್ಟಿಗೆಯಲ್ಲಿ ಬಾರದ್ದು ಕಲಿಸುವವರು. ಸರ್ಕಾರಿ ಹೈಸ್ಕೂಲಿನಲ್ಲಿ ಬ್ಯಾಂಡಿಗೆಂದೇ ಹುದ್ದೆಯಿಲ್ಲ, ಪಿ.ಟಿ. ಮಾಸ್ತರು ಇಲ್ಲವೇ ಅಕ್ಕೋರ ತಲೆಗೇ ಬರುತ್ತದೆ, ಅದೂ ಕ್ರೀಡಾಕೂಟದ ಓಡಾಟ ಶುರುವಾಗುವ ಹೊತ್ತಿಗೆ. ಹತ್ತನೆಯವರು ಎಸ್ಸೆಸ್ಸೆಲ್ಸಿ ಅಂತ ಅಭ್ಯಾಸ ಬಿಡುತ್ತಾರೆ, ಹಾಗಾಗಿ ಹದಿನಾರರಲ್ಲಿ ಆರೇಳು ಮಂದಿ ಎಂಟನೆಯವರೇ ಇರಬೇಕು. ಮಳೆಯಲ್ಲಿ ಜಗಲಿಯಲ್ಲಿ ಬಾರಿಸಿದರೆ ಪಕ್ಕದ ಕ್ಲಾಸಿನ ಗಣಿತ ನಿಲ್ಲುತ್ತದೆ: ಹಲಗೆಗೆ ಸ್ಕೂಟರ್ ಟ್ಯೂಬಿನ ತುಂಡು ಹೊಡೆದು ಅದರ ಮೇಲೆ ಕೈ ಕೂಡಿಸಿ. ಮಾಸ್ತರಿಗೆ ವರ್ಗವಾದರೆ ಬ್ಯಾಂಡೂ ಕಪಾಟು ಸೇರುವುದೇ ರೂಢಿ. ಬೀಟುಗಳನ್ನು ಚಾರ್ಟಿನಲ್ಲಿ ಬರೆದು, ವಿಡಿಯೋ ಮಾಡಿ ಶಾಲೆಯಲ್ಲೇ ಬಿಟ್ಟರೆ ಮುಂದೆ ಬರುವವರು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಡ್ರಮ್ ಚಾವಿಯನ್ನೂ ದಾಸ್ತಾನು ಪುಸ್ತಕಕ್ಕೆ ಏರಿಸಿ, ಮೊದಲು ಕಳೆಯುವುದು ಅದೇ.

ಕೊಟೇಶನ್ ಕೇಳುವಾಗ 'ಬ್ಯಾಂಡ್ ಸೆಟ್ 1' ಎಂದು ಬರೆದರೆ ಕಡಿಮೆ ದರದ ಮಾಲೇ ಬರುತ್ತದೆ. ಪ್ರತಿ ವಾದ್ಯದ ಅಳತೆ, ಮೇಲಿನ ಮತ್ತು ಕೆಳಗಿನ ಹೆಡ್ಡಿನ ದಪ್ಪ, ಬ್ಯೂಗಲ್ಲಿನ ಶ್ರುತಿ ಬೇರೆ ಬೇರೆ ಸಾಲಿನಲ್ಲಿ ಬರಲಿ. ಗರಿಯ ಟೋಪಿ, ಜರಿಯ ಪಟ್ಟಿ ಬಿಟ್ಟು ಆ ದುಡ್ಡಿಗೆ ಮೇಲಿನ ಹೆಡ್ 3, ಕೆಳಗಿನದು 3, ಸ್ನೇರ್ ತಂತಿ 6, ಕೋಲು 6 ಜೊತೆ, ಚಾವಿ 2 ಹೆಚ್ಚುವರಿ ತರಿಸಿ. ಆರ್ಡರ್ ಮೇ ತಿಂಗಳಲ್ಲೇ ಹೋಗಲಿ. ಆಗಸ್ಟಿನಲ್ಲಿ ಬಂದ ಡ್ರಮ್ಮಿನಲ್ಲಿ ದೋಷ ಕಂಡರೂ ವಾಪಸು ಕಳಿಸಲು ದಿನ ಉಳಿದಿರುವುದಿಲ್ಲ.